ಹೊಂಗೆ ಹೂ ನೋಡಲು ಹೋದದ್ದು

ಯುಗಾದಿಯ ಆಸುಪಾಸಿನಲ್ಲಿ ಮಧುಗಿರಿಯ ನಮ್ಮ ಬೀದಿಯಲ್ಲಿ ಪ್ರತಿದಿನ ಬೆಳಿಗ್ಗೆ ಒಂದು ಯುದ್ಧ ನಡೆಯುತ್ತದೆ. ಒಂದು ಪಕ್ಷದಲ್ಲಿ ನಮ್ಮ ಮನೆಯೆದುರಿನ ಹೊಂಗೆ ಮರ, ಇನ್ನೊಂದು ಪಕ್ಷದಲ್ಲಿ ನನ್ನ ಹೆಂಡತಿಯ ಕಡ್ಡಿ ಪೊರಕೆ. ಮರವು ರಾತ್ರಿಯೆಲ್ಲ ಸದ್ದಿಲ್ಲದೆ ಹೂ ಉದುರಿಸಿ ಅಂಗಳವನ್ನು ಆಕ್ರಮಿಸಿಕೊಂಡಿರುತ್ತದೆ. ಪೊರಕೆಯು ಸೂರ್ಯೋದಯಕ್ಕೆ ಮೊದಲೇ ದಂಡೆತ್ತಿ ಹೋಗಿ, ಕಳೆದುಕೊಂಡ ನೆಲವನ್ನು ಇಂಚಿಂಚಾಗಿ ಗೆದ್ದುಕೊಂಡು, ಸಗಣಿ ನೀರು ಚಿಮುಕಿಸಿ, ರಂಗೋಲಿ ಹಾಕಿ ವಿಜಯ ಘೋಷಿಸಿ ಹಿಂದಿರುಗುತ್ತದೆ. ಹಾಲು ತರಲು ಹೋದ ನಾನು ವಾಪಸು ಬರುವಷ್ಟರಲ್ಲಿ ರಂಗೋಲಿಯ ಮೇಲೆ ಮತ್ತೆ ಹೂ ಬಿದ್ದಿರುತ್ತವೆ. ಈ ಯುದ್ಧದಲ್ಲಿ ನನ್ನದು ಅಲಿಪ್ತ ನೀತಿ. ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನಿಗೆ ಮನೆಯಲ್ಲಿ ಇರಬಹುದಾದ ಏಕೈಕ ಕ್ಷೇಮಕರ ನೀತಿ ಅದೇ.

ಹೂವೆಂಬ ಪದವಿ ನಮ್ಮ ಕಡೆ ಸುಲಭಕ್ಕೆ ದಕ್ಕುವುದಿಲ್ಲ. ದೇವರ ಪಟಕ್ಕೆ ಏರಬೇಕು, ಇಲ್ಲವೇ ಹೆಂಗಸರ ಮುಡಿಗೆ ಏರಬೇಕು. ಎರಡೂ ಆಗದಿದ್ದರೆ ಸಂತೆಯಲ್ಲಿ ಮೊಳ ಹಾಕಿ ಮಾರುವುದಕ್ಕಾದರೂ ಒದಗಬೇಕು. ಹೊಂಗೆ ಹೂವಿಗೆ ಈ ಯಾವ ಯೋಗವೂ ಇಲ್ಲ. ಹೊಂಗೆಯ ನೆರಳು ಬೇಕು, ಸೊಪ್ಪು ಗೊಬ್ಬರಕ್ಕೆ ಬೇಕು, ಬೀಜ ಎಣ್ಣೆಗೆ ಬೇಕು, ಎಳೆಯ ಕಡ್ಡಿ ಹಲ್ಲುಜ್ಜುವುದಕ್ಕೆ ಬೇಕು. ಹೂ ಮಾತ್ರ ಕಸ. ನಾನಾದರೂ ಏನು ಮಹಾ ರಸಿಕ? ತರಗತಿಯಲ್ಲಿ ವಸಂತವರ್ಣನೆಯ ಪದ್ಯಗಳನ್ನು ಕಣ್ಣು ಮುಚ್ಚಿ, ಕೈಯಾಡಿಸಿ, ಮಾವಿನ ಚಿಗುರು ಕೋಗಿಲೆಯ ಕೊರಳು ಎಂದು ತನ್ಮಯನಾಗಿ ವಿವರಿಸುವಾಗ, ಕಿಟಕಿಯಾಚೆಯ ಹೊಂಗೆ ಮರ ಮೈತುಂಬ ಅರಳಿ ನಿಂತು ನನ್ನ ಮೇಜಿನ ಮೇಲಕ್ಕೂ ನಾಲ್ಕು ಹೂ ಎಸೆದರೆ, 'ಯಾರಲ್ಲಿ, ಕಿಟಕಿ ಮುಚ್ಚಿ, ಕಸ ಬೀಳ್ತಿದೆ' ಎಂದು ಗದರಿಸಿ ಮತ್ತೆ ವಸಂತಕ್ಕೆ ಮರಳುತ್ತಿದ್ದ ಪಂಡಿತ ನಾನು.

ಇಂಥ ನನಗೆ ಹೂ ನೋಡುವುದೆಂಬುದೂ ಒಂದು ಕೆಲಸ, ಅದಕ್ಕೆಂದೇ ಜನ ರಜೆ ಹಾಕಿ ಹೋಗುತ್ತಾರೆ ಎಂಬ ಜ್ಞಾನೋದಯವಾದದ್ದು ನನ್ನ ಅಕ್ಕನ ಮಗಳು ಸುಧಾಳಿಂದ. ಅವಳು ಕೊರಟಗೆರೆಯಲ್ಲಿ ಮನೆ ಮಾಡಿಕೊಂಡು, ತುಮಕೂರಿನ ದಾರಿಯಲ್ಲಿರುವ ಕಾರ್ಖಾನೆಯೊಂದರ ಆಫೀಸಿಗೆ ದಿನವೂ ಹೋಗಿ ಬರುತ್ತಾಳೆ. ಅಲ್ಲಿಗೆ ಯಂತ್ರಗಳ ಉಸ್ತುವಾರಿಗೆಂದು ಜಪಾನಿನಿಂದ ಬಂದ ಹಿರಿಯ ಇಂಜಿನಿಯರೊಬ್ಬರಿದ್ದಾರೆ. ಮಿತಭಾಷಿ, ಕೈಗಡಿಯಾರ ನೋಡದೆ ಹೆಜ್ಜೆ ಎತ್ತಿಡದ ಮನುಷ್ಯ. ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ಅವರು ಗೇಟಿನ ಪಕ್ಕದ ಹೊಂಗೆ ಮರದ ಕೆಳಗೆ ಒಬ್ಬರೇ ನಿಂತು, ಕತ್ತು ಮೇಲೆತ್ತಿಕೊಂಡು, ಬಹಳ ಹೊತ್ತು ಅಲುಗಾಡದೆ ಇದ್ದರಂತೆ. ಗೇಟು ಕಾಯುವವನಿಗೆ ಗಾಬರಿಯಾಗಿ, 'ಹೆಜ್ಜೇನು ಕಟ್ಟೈತಾ ಸಾರ್?' ಎಂದು ತಾನೂ ಕತ್ತೆತ್ತಿ ನೋಡತೊಡಗಿದ. ಅವನನ್ನು ನೋಡಿ ಇನ್ನಿಬ್ಬರು ಬಂದರು. ಕೊನೆಗೆ ಒಂದು ಸಣ್ಣ ಗುಂಪೇ ಮರದ ಕೆಳಗೆ ಸೇರಿ ಇಲ್ಲದ ಹೆಜ್ಜೇನನ್ನು ಹುಡುಕಿತು. ಸುಧಾ ಹೋಗಿ ವಿಚಾರಿಸಿದಾಗ ಆತ ನಾಚಿಕೊಂಡು, ತಮ್ಮ ಊರಿನಲ್ಲಿ ಇದು ಚೆರ್ರಿ ಹೂ ಬಿಡುವ ವಾರವೆಂದೂ, ಈ ವರ್ಷ ತಮಗೆ ಅದನ್ನು ನೋಡಲಾಗಲಿಲ್ಲವೆಂದೂ ಹೇಳಿ, ಮೊಬೈಲಿನಲ್ಲಿ ಹಳೆಯ ಫೋಟೋಗಳನ್ನು ತೋರಿಸಿದರಂತೆ.

ಆ ಫೋಟೋಗಳನ್ನು ಸುಧಾ ನನಗೂ ಕಳಿಸಿದಳು. ನಸುಗೆಂಪಿನ ಹೂ ಹೊತ್ತ ಮರಗಳ ಕೆಳಗೆ ನೀಲಿ ಟಾರ್ಪಾಲು ಹಾಸಿದೆ. ನಾವು ಕಣದಲ್ಲಿ ರಾಗಿಗೂ ಕಡಲೆಕಾಯಿಗೂ ಹಾಸುವಂಥದ್ದೇ. ಅಂಚಿನಲ್ಲಿ ಚಪ್ಪಲಿಗಳು ಸಾಲಾಗಿ ಕಾದಿವೆ. ಮಕ್ಕಳು ಮುದುಕರೆಲ್ಲ ಡಬ್ಬಿ ಬಿಚ್ಚಿಕೊಂಡು ಉಣ್ಣುತ್ತಿದ್ದಾರೆ. ಅದೊಂದು ವ್ರತವಲ್ಲ, ಹರಕೆಯಲ್ಲ, ಕೊಯ್ದು ಒಯ್ಯುವುದೂ ಇಲ್ಲ. ಹೂ ಹೆಚ್ಚೆಂದರೆ ಒಂದು ವಾರ ನಿಲ್ಲುತ್ತದೆ, ಗಾಳಿ ಮಳೆ ಬಂದರೆ ಅದೂ ಇಲ್ಲ. ಆದ್ದರಿಂದ ಇರುವಾಗಲೇ ಹೋಗಿ ಅದರ ಕೆಳಗೆ ಕುಳಿತುಕೊಳ್ಳಬೇಕು, ಅಷ್ಟೇ. ಒಂದು ಫೋಟೋದಲ್ಲಿ ಆ ಇಂಜಿನಿಯರರ ತಾಯಿ, ತುಂಬ ವಯಸ್ಸಾದವರು, ಮಗ ಹಿಂದಿನಿಂದ ತಳ್ಳುತ್ತಿದ್ದ ಗಾಲಿ ಕುರ್ಚಿಯಲ್ಲಿ ಕುಳಿತು ಮುಖ ಮೇಲೆತ್ತಿದ್ದರು. ಅವರನ್ನು ಪ್ರತಿವರ್ಷ ಅದೇ ಮರದ ಕೆಳಕ್ಕೆ ಕರೆದುಕೊಂಡು ಹೋಗುತ್ತಾರಂತೆ. ಆ ಫೋಟೋವನ್ನು ನಾನು ಬಹಳ ಹೊತ್ತು ನೋಡಿದೆ. ಏಕೆಂದು ಮುಂದೆ ಹೇಳುತ್ತೇನೆ.

ಪಾವಗಡದ ಕಡೆಯ ನನ್ನ ಹಳೆಯ ಸಹೋದ್ಯೋಗಿಯೊಬ್ಬರಿಗೆ ಈ ಸಂಗತಿಯನ್ನು ಫೋನಿನಲ್ಲಿ ಉತ್ಸಾಹದಿಂದ ವರ್ಣಿಸಿದಾಗ ಅವರು, 'ಈ ಎಂಡಲೋ ಪೂಲು ಚೂಸೇದೇಮಿ ಸಾರ್, ನೆತ್ತಿ ಸುಟ್ಟೋಗ್ತೈತೆ' ಎಂದು ಒಂದೇ ಉಸಿರಿನಲ್ಲಿ ತೆಲುಗು ಕನ್ನಡ ಎರಡರಲ್ಲೂ ನನ್ನ ಉತ್ಸಾಹದ ಮೇಲೆ ನೀರೆರಚಿದರು. ಬಿಸಿಲಲ್ಲಿ ಹೂ ನೋಡುವುದೇನು ಎಂಬ ಅವರ ಪ್ರಶ್ನೆ ನ್ಯಾಯವಾದದ್ದೇ. ಹಾಗೆಂದು ನಮ್ಮ ಸೀಮೆಯವರು ಯಾವುದನ್ನೂ ನೋಡಲು ಹೋಗದ ಅರಸಿಕರೆಂದು ನೀವು ತಿಳಿಯಬಾರದು. ನಾವು ನೋಡಲು ಹೋಗುವುದು ನೀರನ್ನು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳಲ್ಲಿ ಯಾವುದೋ ಒಂದು ಕೆರೆ, ಎಷ್ಟೋ ವರ್ಷಗಳ ಮೇಲೆ, ತುಂಬಿ ಕೋಡಿ ಬಿತ್ತೆಂದರೆ ಸಾಕು, ಅಂಗಡಿ ಬಾಗಿಲು ಎಳೆದು, ಟ್ರ್ಯಾಕ್ಟರು ಟೆಂಪೊ ಹತ್ತಿ, ಬುತ್ತಿ ಕಟ್ಟಿಕೊಂಡು ಸುತ್ತಿನ ಊರುಗಳೆಲ್ಲ ಹೊರಡುತ್ತವೆ. ಹೆಂಗಸರು ಗಂಗಮ್ಮನಿಗೆ ಅರಿಶಿನ ಕುಂಕುಮ ಬಿಡುತ್ತಾರೆ. ಅದಾದ ಮೇಲೆ ಯಾರಿಗೂ ಏನೂ ಕೆಲಸವಿಲ್ಲ. ಆದರೂ ಯಾರೂ ಹೊರಡುವುದಿಲ್ಲ. ಹರಿದು ಹೋಗುವ ನೀರನ್ನು ನೋಡುತ್ತ ಸುಮ್ಮನೆ ನಿಂತಿರುತ್ತಾರೆ. ಮತ್ತೆ ಯಾವ ಕಾಲಕ್ಕೋ ಎಂಬುದು ಪ್ರತಿಯೊಬ್ಬರ ಮನಸ್ಸಿನಲ್ಲೂ ಇರುತ್ತದೆ, ಬಾಯಲ್ಲಿ ಬರುವುದಿಲ್ಲ.

ನಾನು ಚಿಕ್ಕವನಿದ್ದಾಗ ನಮ್ಮೂರ ಕೆರೆ ಹಾಗೆ ಕೋಡಿ ಬಿದ್ದಿತ್ತು. ಜನದ ಬೆನ್ನುಗಳ ಹಿಂದೆ ಸಿಕ್ಕಿಕೊಂಡ ನನಗೆ ಸೀರೆ ಪಂಚೆಗಳ ವಿನಾ ಏನೂ ಕಾಣದೆ ಅಳು ಹಿಡಿದಾಗ, ಅಕ್ಕ ನನ್ನನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡಳು. ಅವಳೇನೂ ದೊಡ್ಡವಳಲ್ಲ, ಲಂಗ ಉಡುವ ವಯಸ್ಸು. ನನ್ನ ಭಾರಕ್ಕೆ ಅವಳ ಕತ್ತು ಬಗ್ಗಿಹೋಗಿತ್ತು. ಕೆಳಗಿನಿಂದ ಅವಳು 'ಕಾಣ್ತೈತಾ? ಕಾಣ್ತೈತಾ?' ಎಂದು ಕೇಳುತ್ತಲೇ ಇದ್ದಳು. ನನಗೆ ಕಂಡಿತು. ಕತ್ತು ಬಗ್ಗಿಸಿ ನಿಂತಿದ್ದ ಅವಳಿಗೆ ಆ ದಿನ ಎಷ್ಟು ಕಂಡಿತೋ ನಾನು ಯಾವತ್ತೂ ಕೇಳಿಲ್ಲ.

ಆ ಅಕ್ಕನಿಗೆ ಈಗ ಕಣ್ಣು ಹೋಗುತ್ತಿದೆ.

ಐ.ಡಿ.ಹಳ್ಳಿಯ ಕಡೆಯ ಒಂದು ಊರಿನಲ್ಲಿ ಅವಳದು ನನ್ನ ಭಾವ, ಮಗ, ಸೊಸೆ, ಮೊಮ್ಮಕ್ಕಳೊಂದಿಗೆ ತುಂಬಿದ ಮನೆ. ಅಷ್ಟು ಜನರಲ್ಲಿ ಒಬ್ಬರಿಗೂ ಅನುಮಾನ ಬಾರದ ಹಾಗೆ ಅವಳು ಬಹಳ ಕಾಲ ಮುಚ್ಚಿಟ್ಟಿದ್ದಳು. ಕಲ್ಲು ಆರಿಸುವುದನ್ನು ಬೆರಳಲ್ಲೇ ಮಾಡುತ್ತಿದ್ದಳು, ನಡೆಯುವಾಗ ಗೋಡೆಯ ಪಕ್ಕ ಹಿಡಿಯುತ್ತಿದ್ದಳು. ಪಕ್ಕದಲ್ಲಿ ಚಾಚಿದ ಕಾಫಿ ಲೋಟವನ್ನು ಕೋಳಿಯ ಹಾಗೆ ಕತ್ತು ತಿರುಗಿಸಿ ಹುಡುಕುವುದನ್ನು ಮೊದಲು ಗಮನಿಸಿದವಳು ಸುಧಾ. ತುಮಕೂರಿನ ಆಸ್ಪತ್ರೆಗೆ ಕರೆದೊಯ್ದಾಗ ನಾನೂ ಜೊತೆಗಿದ್ದೆ. ಕಣ್ಣಿನೊಳಗಿನ ಒತ್ತಡದಿಂದ ನರ ಸೊರಗಿದೆ, ಅಂಚಿನಿಂದ ಕತ್ತಲು ಕವಿದು ಬರುತ್ತಿದೆ, ಈಗ ಉಳಿದಿರುವುದು ನಡುವಿನ ಒಂದು ಸಣ್ಣ ವೃತ್ತ ಮಾತ್ರ, ಹೋದ ದೃಷ್ಟಿ ಮರಳುವುದಿಲ್ಲ, ಹನಿ ಹಾಕುತ್ತಿದ್ದರೆ ಉಳಿದದ್ದು ಸ್ವಲ್ಪ ನಿಧಾನವಾಗಿ ಹೋದೀತು ಎಂದು ಡಾಕ್ಟರು ಮೆಲ್ಲಗೆ ಬಿಡಿಸಿ ಹೇಳಿದರು. ಹೊರಗೆ ಬಂದ ಮೇಲೆ ನಾವು ಮೂವರೂ ಕಬ್ಬಿನ ಹಾಲು ಕುಡಿದೆವು. ಅಕ್ಕನೇ ನಮ್ಮನ್ನು ಸಮಾಧಾನ ಮಾಡಿದಳು. 'ಅದೇನ್ ಬುಡ್ರಿ, ಬಳೆ ತೂತ್ನಾಗೆ ನೋಡ್ದಂಗೆ ಕಾಣ್ತೈತೆ. ಅಷ್ಟು ಸಾಕು' ಎಂದಳು.

ಈಗ ನಿಮಗೆ ಆ ಗಾಲಿ ಕುರ್ಚಿಯ ಫೋಟೋದ ಮರ್ಮ ತಿಳಿದಿರಬೇಕು. ಮುಂದಿನ ಯುಗಾದಿಗೆ ಅಕ್ಕನಿಗೆ ಏನು ಕಾಣುತ್ತದೋ ಇಲ್ಲವೋ. ಈ ವರ್ಷದ ಹೂವನ್ನು ಅವಳಿಗೆ ತೋರಿಸಿಬಿಡಬೇಕು ಎಂಬ ಹಂಬಲ ನನ್ನನ್ನು ಹಿಡಿಯಿತು. ಚೆರ್ರಿಯನ್ನು ಎಲ್ಲಿಂದ ತರಲಿ? ಆದರೆ ಅವರ ಹೊಲದ ಬದುವಿನಲ್ಲಿ ಅಜ್ಜನ ಕಾಲದ ಒಂದು ಭಾರಿ ಹೊಂಗೆ ಮರವಿದೆ. ಕಳೆ ಕೀಳಲು ಹೋದಾಗಲೆಲ್ಲ ಅಕ್ಕ ಬುತ್ತಿ ಬಿಚ್ಚುತ್ತಿದ್ದದ್ದು, ಸುಧಾಳಿಗೆ ತೊಟ್ಟಿಲು ಕಟ್ಟಿದ್ದದ್ದು ಅದರ ನೆರಳಿನಲ್ಲೇ. ಅದರ ಕೆಳಗೆ ಹೂವಿನ ಹಾಸಿನ ಮೇಲೆ ಅಕ್ಕನನ್ನು ಕೂರಿಸಬೇಕು, ಗಾಳಿ ಬೀಸಬೇಕು, ಹೂ ಸುರಿಯಬೇಕು, ಅವಳು ಮುಖ ಎತ್ತಬೇಕು. ಇಡೀ ದೃಶ್ಯವನ್ನು ನಾನು ಮನಸ್ಸಿನಲ್ಲಿ ಬರೆದು, ತಿದ್ದಿ, ಪೂರ್ಣವಿರಾಮವನ್ನೂ ಇಟ್ಟಿದ್ದೆ. ಅಕ್ಕನಿಗೆ ಕಾರಣ ಹೇಳಕೂಡದೆಂದು ಸುಧಾಳಿಗೆ ತಾಕೀತು ಮಾಡಿದೆ. ಆಮೇಲೆ ಭಾವನಿಗೆ ಫೋನು ಮಾಡಿ, ಭಾನುವಾರ ನಾವು ಹೊಂಗೆ ಹೂ ನೋಡಲು ಬರುತ್ತೇವೆ, ಊಟ ಮರದ ಕೆಳಗೇ ಆಗಲಿ, ನೀವೇನೂ ತೊಂದರೆ ತೆಗೆದುಕೊಳ್ಳಬೇಡಿ ಎಂದೆ.

ಅಲ್ಲಿ ನಾನು ಎಡವಿದೆ. ನೆಂಟರು ಬರುತ್ತಾರೆಂದು ಮುಂಚೆ ತಿಳಿದ ಮೇಲೆ ನಮ್ಮ ಸೀಮೆಯಲ್ಲಿ ತೊಂದರೆ ತೆಗೆದುಕೊಳ್ಳದೆ ಇರುವವರು ಯಾರಿದ್ದಾರೆ?

ಭಾನುವಾರ ನನ್ನ ಹೆಂಡತಿ ಮಾವಿನಕಾಯಿ ಚಿತ್ರಾನ್ನ ಕಟ್ಟಿದಳು. ಕೊರಟಗೆರೆಯಿಂದ ಬಂದ ಸುಧಾಳನ್ನು ಕೂಡಿಕೊಂಡು ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಕೊಯ್ಲಾದ ಬೋಳು ಹೊಲಗಳ ನಡುವೆ ಅಲ್ಲೊಂದು ಇಲ್ಲೊಂದು ಹೊಂಗೆ ಬೆಳ್ಳಗೆ ಅರಳಿ ನಿಂತಿತ್ತು. ನಾನು ಕಿಟಕಿಯ ಪಕ್ಕ ಕುಳಿತು, ಜೀವಮಾನದಲ್ಲಿ ಮೊದಲ ಸಲ ಅವನ್ನು ಹೂವೆಂದು ನೋಡುತ್ತ, ಪಕ್ಕದ ಪ್ರಯಾಣಿಕನಿಗೂ ತೋರಿಸಿ, ಆತ ಜಾಗ ಬದಲಾಯಿಸುವಂತೆ ಮಾಡಿದೆ. ಇಳಿದು ಹೊಲದ ಹಾದಿ ಹಿಡಿದಾಗ ದೂರದಿಂದಲೇ ಮರದ ನೆತ್ತಿ ಕಂಡಿತು, ಮೈಯೆಲ್ಲ ಹೂ. ಹತ್ತಿರ ಹೋದೆವು. ಮರದ ಕೆಳಗೆ ನೋಡಿದರೆ ನೆಲ ಮದುವೆ ಮನೆಯ ಅಂಗಳದಷ್ಟು ಚೊಕ್ಕಟ. ಒಂದೇ ಒಂದು ಹೂ ಇಲ್ಲ. ಸಗಣಿಯಿಂದ ಸಾರಿಸಿ, ನಡುವೆ ದೊಡ್ಡದೊಂದು ರಂಗೋಲಿ ಹಾಕಿದ್ದಾರೆ. ಸುತ್ತ ಪ್ಲಾಸ್ಟಿಕ್ ಕುರ್ಚಿಗಳು. ಮೇಲೆ ನೋಡೋಣವೆಂದರೆ ಕೊಂಬೆಗಳೂ ಇಲ್ಲ, ಹೂವೂ ಇಲ್ಲ, ಆಕಾಶವೂ ಇಲ್ಲ. ನಾಲ್ಕು ಗಳು ನೆಟ್ಟು, ಮೂಲೆಯಿಂದ ಮೂಲೆಗೆ ಬಿಗಿದು ಕಟ್ಟಿದ ನೀಲಿ ಟಾರ್ಪಾಲು.

'ಬಾರಪ್ಪ ಮೇಷ್ಟ್ರೇ' ಎಂದು ಭಾವ ಎದುರುಗೊಂಡರು. ಮುಖದಲ್ಲಿ ಗೆಲುವು ಉಕ್ಕುತ್ತಿತ್ತು. 'ಎಂಗೈತೆ ಏರ್ಪಾಟು? ಹೂ ಬಿದ್ದು ಬಿದ್ದು ಗಲೀಜಾಗೋಗಿತ್ತು. ಹೊತ್ತಾರೆನೇ ಗುಡ್ಸಿ ತಿಪ್ಪೆಗೆ ಹಾಕ್ಸ್ಬುಟ್ಟೆ. ಊಟದಾಗೆ ಉದುರ್ತವೆ ಅಂತ ನೆನ್ನೆ ಸಾಯಂಕಾಲ್ವೇ ಮ್ಯಾಲೆ ಟಾರ್ಪಾಲು ಕಟ್ಸಿವ್ನಿ. ನೀನು ಏಸೊತ್ತು ಕುಂತ್ರೂ ಒಂದು ಹೂ ಮೈಮ್ಯಾಲೆ ಬೀಳಂಗಿಲ್ಲ.'

ಸುಧಾ ನನ್ನ ಮುಖ ನೋಡಿ ಸೆರಗು ಬಾಯಿಗೆ ಒತ್ತಿಕೊಂಡಳು. ನನಗೆ ನಗು ಬರಲಿಲ್ಲ. ನಿಜ ಹೇಳಬೇಕೆಂದರೆ ಸಿಟ್ಟು ಬಂತು. ಭಾವನ ಮೇಲೆ ತೋರಿಸಲಾಗದ ಸಿಟ್ಟು. ಅಕ್ಕ ಆಗಲೇ ಒಂದು ಚಾಪೆಯ ಮೇಲೆ ಕುಳಿತಿದ್ದಳು. ನೆಂಟರು ಬರುತ್ತಾರೆಂದು ಹೊಸ ಸೀರೆ ಉಟ್ಟಿದ್ದಳು. ನಮ್ಮ ದನಿ ಬಂದ ಕಡೆಗೆ ಮುಖ ತಿರುಗಿಸಿ, ಅಷ್ಟಷ್ಟೇ ಅತ್ತಿತ್ತ ಸರಿಸಿ, ಮೊದಲು ಸುಧಾಳನ್ನು, ಆಮೇಲೆ ನನ್ನ ಹೆಂಡತಿಯನ್ನು, ಕೊನೆಗೆ ನನ್ನನ್ನು ಹುಡುಕಿಕೊಂಡಳು. ಹೋದ ತಿಂಗಳಿಗಿಂತ ಈಗ ಹುಡುಕುವುದಕ್ಕೆ ಹೆಚ್ಚು ಹೊತ್ತು ಬೇಕಾಯಿತು. ಅದನ್ನು ನಾನೂ ಕಂಡೆ, ಸುಧಾಳೂ ಕಂಡಳು; ಇಬ್ಬರೂ ಕಾಣದವರಂತೆ ಇದ್ದೆವು.

ಮಗ, ಸೊಸೆ, ಮೊಮ್ಮಕ್ಕಳು ಸೊಸೆಯ ತವರಿಗೆ ಹೋಗಿದ್ದರಿಂದ ನಾವು ಐವರೇ ಊಟಕ್ಕೆ ಕುಳಿತೆವು. ಮುದ್ದೆ, ಅವರೆಕಾಳಿನ ಸಾರು, ಹೋಳಿಗೆ, ಅದರ ಜೊತೆಗೆ ನಾವು ತಂದ ಚಿತ್ರಾನ್ನ. ಜಪಾನಿನ ಹೂ ನೋಡುವ ಪದ್ಧತಿಯನ್ನು ನಾನು ಸವಿಸ್ತಾರವಾಗಿ ವಿವರಿಸಿದೆ. ಹೂ ಅಂದರೆ ಅವರಿಗೆ ಎಷ್ಟು ಮುಖ್ಯ, ಅದರ ಕೆಳಗೇ ಕುಳಿತು ಉಣ್ಣುತ್ತಾರೆ, ತಲೆಯ ಮೇಲೆ ಬಿದ್ದರೆ ಸಂತೋಷಪಡುತ್ತಾರೆ ಎಂದೆಲ್ಲ ಹೇಳುತ್ತ, ಪ್ರತಿ ವಾಕ್ಯವನ್ನೂ ಟಾರ್ಪಾಲಿನ ಕಡೆಗೆ ಗುರಿಯಿಟ್ಟು ಬಿಟ್ಟೆ. ಭಾವ ಒಂದನ್ನೂ ತಮ್ಮ ಮೈಗೆ ತಾಗಿಸಿಕೊಳ್ಳಲಿಲ್ಲ. 'ಪಾಪ, ಅವ್ರಿಗೆ ಟಾರ್ಪಾಲ್ನ ಮ್ಯಾಲೆ ಕಟ್ಬೇಕು ಅಂತ ತಿಳ್ದಿಲ್ಲ' ಎಂದು ಮರುಕಪಟ್ಟು ಇನ್ನೊಂದು ಹೋಳಿಗೆ ಬಡಿಸಿದರು.

ಅಕ್ಕ ಮಾತ್ರ ಉಣ್ಣುವುದನ್ನು ನಿಲ್ಲಿಸಿ ಮೇಲಕ್ಕೆ ಕಿವಿಗೊಟ್ಟಿದ್ದಳು. 'ಅದೇನೋ ಅದು, ತಟ್ ತಟ್ ಅಂತ?' ಎಂದು ಕೇಳಿದಳು. ನಾವೆಲ್ಲ ಸುಮ್ಮನಾದೆವು. ಟಾರ್ಪಾಲಿನ ಮೇಲೆ ಹೂ ಬೀಳುವ ಸದ್ದು. ಅಷ್ಟು ಹೊತ್ತೂ ಅದು ಕೇಳುತ್ತಲೇ ಇತ್ತು. ನನ್ನ ಉಪನ್ಯಾಸದ ಗದ್ದಲದಲ್ಲಿ ನಮ್ಮ ಯಾರ ಕಿವಿಗೂ ಬಿದ್ದಿರಲಿಲ್ಲ. ಹೂವೆಂದು ಸುಧಾ ಹೇಳಿದಳು. ಅಕ್ಕ, 'ಬಿಚ್ಚುಸ್ರಿ ಅತ್ಲಾಗೆ' ಎಂದಳು.

ಭಾವನಿಗೆ ಬೇಸರವಾಯಿತು. ಅವರ ಒಂದು ದಿನದ ದುಡಿಮೆ ಅದು. ಆದರೆ ಅಕ್ಕನ ಮಾತನ್ನು ಅವರು ತೆಗೆದುಹಾಕಿದ್ದನ್ನು ನಾನು ಕಂಡಿಲ್ಲ. ಎದ್ದು ಹೋಗಿ, ಗೊಣಗುತ್ತ, ಅವಳ ಹಿಂದಿದ್ದ ಗಳುವಿನ ಗಂಟು ಸಡಿಲಿಸಿದರು. ರಾತ್ರಿಯಿಂದ ಬಿದ್ದ ಹೂವೆಲ್ಲ ಟಾರ್ಪಾಲಿನ ಹೊಟ್ಟೆಯಲ್ಲಿ ಸೇರಿ, ಅದು ಭಾರಕ್ಕೆ ಜೋತಿತ್ತೆಂಬುದನ್ನು ನಾವು ಯಾರೂ ನೋಡಿರಲಿಲ್ಲ. ಗಂಟು ಬಿಚ್ಚಿದ್ದೇ ತಡ, ಆ ಮೂಲೆ ಕುಸಿದು, ಅಷ್ಟೂ ಹೂ ಜಾರಿ ಅಕ್ಕನ ಮೇಲೆ ಸುರಿಯಿತು. ತಲೆ, ಹೆಗಲು, ಮಡಿಲು, ಊಟದೆಲೆ ಎಲ್ಲವೂ ಮುಚ್ಚಿಹೋದವು. ಭಾವ ಹೌಹಾರಿ ಕೊಡವಲು ಓಡಿ ಬಂದರು. ಅಕ್ಕ ಕೈ ಅಡ್ಡ ಹಿಡಿದಳು. ಅವಳು ನಗುತ್ತಿದ್ದಳು, ಮೈಯೆಲ್ಲ ಕುಲುಕಿ ನಗುತ್ತಿದ್ದಳು. ಆಸ್ಪತ್ರೆಗೆ ಹೋಗಿ ಬಂದ ಮೇಲೆ ಅವಳು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ.

ಭಾವ ಉಳಿದ ಗಂಟುಗಳನ್ನೂ ಬಿಚ್ಚಿ ಟಾರ್ಪಾಲನ್ನು ಪಕ್ಕಕ್ಕೆಳೆದರು. ನಗು ನಿಂತ ಮೇಲೆ ಅಕ್ಕ ಮಡಿಲಿನಿಂದ ಒಂದು ಹೂ ಹೆಕ್ಕಿ, ಕನ್ನಡಕ ಸರಿಪಡಿಸಿಕೊಂಡು, ಮುಖದ ಹತ್ತಿರ ತಂದು, ಅವಳಿಗೆ ಉಳಿದಿರುವ ಆ ಸಣ್ಣ ವೃತ್ತದೊಳಕ್ಕೆ ಹಿಡಿದಳು. ತುಂಬ ಹೊತ್ತು ತಿರುಗಿಸಿ ತಿರುಗಿಸಿ ನೋಡಿದಳು.

'ಇದ್ರೊಳಗೆ ನ್ಯಾರ್ಲೆ ಬಣ್ಣ ಐತಲ್ಲೋ' ಎಂದಳು. 'ಈ ಮನೆಗೆ ಬಂದಾಗ್ನಿಂದ ಗುಡುಸ್ತಾ ಇವ್ನಿ. ಬಿಳೀದು ಅಂತ್ಲೇ ತಿಳ್ಕಂಡಿದ್ದೆ.'

ನಾವೂ ಒಂದೊಂದು ಹೂ ಎತ್ತಿಕೊಂಡು ನೋಡಿದೆವು. ಹೌದು, ಬಿಳಿ ಎಸಳಿನ ಒಳಗೆ ನಸುನೇರಳೆಯ ಛಾಯೆ. ಭಾವ ಕೂಡ ನೋಡಿದರು. ನನ್ನ ಮನಸ್ಸು ತುಂಬಿ ಬಂತು. ಬಂದ ಕೆಲಸವಾಯಿತು, ಅಕ್ಕ ಹೂ ನೋಡಿದಳು, ಇನ್ನು ಸಂಜೆಯ ಬಸ್ಸಿಗೆ ಹೊರಡಬಹುದು ಎಂದುಕೊಂಡೆ. ಅಷ್ಟರಲ್ಲಿ ಅಕ್ಕ, ಹೂವಿನ ಮೇಲಿನ ಕಣ್ಣು ತೆಗೆಯದೆಯೇ, ಸಾರಿಗೆ ಉಪ್ಪು ಸಾಲದೆಂದು ಹೇಳುವಷ್ಟು ಸಹಜವಾಗಿ ಕೇಳಿದಳು:

'ಬರೋ ವರ್ಸಕ್ಕೆ ನಂಗೆ ಕಾಣಾಕಿಲ್ಲ ಅಂತ ತಾನೇ ಇದ್ನೆಲ್ಲಾ ಮಾಡ್ಸಿದ್ದು?'

ಸುಧಾ ನನ್ನ ಕಡೆ ನೋಡಿದಳು. ಭಾವನೇ ಸಾವರಿಸಿಕೊಂಡು, 'ಏ, ಬುಡ್ತು ಅನ್ನು' ಎಂದು ಗದರಿಸಿದರು. ಗದರಿಸುವ ದನಿ ಅರ್ಧದಲ್ಲೇ ಒಡೆಯಿತು.

'ನಂಗೊತ್ತಿಲ್ವಾ?' ಎಂದಳು ಅಕ್ಕ. 'ದಿನಾ ಹೊತ್ತಾರೆ ಎದ್ದು ಕೈ ಮುಂದೆ ಹಿಡ್ದು ನೋಡ್ಕಂತೀನಿ, ಇವತ್ತು ಎಷ್ಟು ಬೆರಳು ಉಳ್ದವೆ ಅಂತ. ಹೂವ ನೋಡ್ದೆ, ಆಯ್ತು. ನಾಳೆ ಕಣ್ಣು ಹೋದ್ರೂ ಹೂವ ಮುಟ್ಟಿದ್ರೆ ಗೊತ್ತಾಯ್ತದೆ, ಮೂಸಿದ್ರೆ ಗೊತ್ತಾಯ್ತದೆ. ನಿಮ್ಮ ಮಕ ಎಂಗ್ರೋ ಮೂಸಿ ನೋಡ್ಲಿ? ಬರ್ರಿ ಇಲ್ಲಿ. ಒಬ್ಬೊಬ್ರೇ ನನ್ನ ಮುಂದೆ ಕುಂತ್ಕಳ್ರಿ.'

ಪ್ರಿಯ ಓದುಗರೇ, ಹೂ ತೋರಿಸಲು ಹೋದ ನಾನು ಆ ಮರದ ಕೆಳಗೆ ಕಲಿತದ್ದು ಇಷ್ಟು: ಯಾವುದನ್ನು ಇರುವಾಗಲೇ ನೋಡಿಟ್ಟುಕೊಳ್ಳಬೇಕೆಂಬುದನ್ನು ನಾವು ಇನ್ನೊಬ್ಬರಿಗೆ ಆರಿಸಿ ಕೊಡಲಾಗದು. ಜಪಾನಿನ ಆ ವೃದ್ಧೆ ಕೂಡ ಫೋಟೋದಲ್ಲಿ ಮುಖ ಎತ್ತಿದ್ದು ಹೂವಿನ ಕಡೆಗೋ, ಕುರ್ಚಿ ತಳ್ಳುತ್ತಿದ್ದ ಮಗನ ಕಡೆಗೋ, ಈಗ ನನಗೆ ಅನುಮಾನ.

ಮೊದಲು ಸುಧಾ ಕುಳಿತಳು. ಅಕ್ಕ ಅವಳ ಗಲ್ಲ ಹಿಡಿದು, ಹಣೆಯಿಂದ ಶುರುಮಾಡಿ, ಮೂಗುಬಟ್ಟಿನವರೆಗೆ, ಗದ್ದದವರೆಗೆ ಸ್ವಲ್ಪ ಸ್ವಲ್ಪವಾಗಿ ನೋಡಿದಳು. ಒಟ್ಟಿಗೆ ಇಡೀ ಮುಖ ಅವಳಿಗೆ ಈಗ ಕಾಣುವುದಿಲ್ಲ. ಆಮೇಲೆ ನನ್ನ ಹೆಂಡತಿ. ಆಮೇಲೆ ಭಾವ, 'ನನ್ನ ಮಕದಾಗೆ ಏನೈತೆ ನೋಡಾಕೆ' ಎಂದು ಗೊಣಗುತ್ತಲೇ ಬಂದು ಕುಳಿತು, ಟವಲಿನಿಂದ ಮುಖ ಒರೆಸಿಕೊಂಡು, ನೆಟ್ಟಗೆ ಕುಳಿತರು. ಅವರನ್ನು ಅಕ್ಕ ಎಲ್ಲರಿಗಿಂತ ಹೆಚ್ಚು ಹೊತ್ತು ನೋಡಿದಳು. ಅವರ ಕುರುಚಲು ಗಡ್ಡದಲ್ಲಿ ಸಿಕ್ಕಿಕೊಂಡಿದ್ದ ಒಂದು ಹೂವನ್ನು ತೆಗೆದಳು, ಅಷ್ಟೇ. ಭಾವ ಎದ್ದವರು ನೇರವಾಗಿ ಬಾವಿಯ ಕಡೆಗೆ ಹೋದರು.

ಕೊನೆಗೆ ನನ್ನನ್ನು ಕರೆದಳು. ನಾನು ಚಾಪೆಯ ಮೇಲೆ ಅವಳ ಮೊಣಕಾಲಿಗೆ ಮೊಣಕಾಲು ತಾಗುವಂತೆ ಕುಳಿತೆ. ಇಷ್ಟು ಹತ್ತಿರದಿಂದ ಅವಳ ಕಣ್ಣುಗಳನ್ನು ನಾನು ಎಂದೂ ನೋಡಿರಲಿಲ್ಲ. ಅವು ನನ್ನ ಮುಖದ ಮೇಲೆ ನಿಧಾನವಾಗಿ ಸಾಗುತ್ತಿದ್ದವು.

'ನಿನ್ನ ಹುಬ್ಬು ಯಾವಾಗ್ಲಾ ಬೆಳ್ಳಗಾದ್ವು?' ಎಂದಳು.

ನಾನು ನಗಲು ಯತ್ನಿಸಿದೆ.

'ನಗಬ್ಯಾಡ. ನಗ್ದೇ ಇದ್ದಾಗ ಎಂಗಿರ್ತೀಯ ಅದ್ನ ನೋಡ್ಬೇಕು.'

ನಗು ಬಿಟ್ಟೆ. ಆಗ ಅದರ ಹಿಂದೆ ನಿಂತಿದ್ದದ್ದು ಹೊರಗೆ ಬಂತು. ತಡೆದುಕೊಳ್ಳಲು ಮುಖ ತಿರುಗಿಸಹೋದೆ. ಅಕ್ಕ ಎರಡು ಕೈಗಳಿಂದ ನನ್ನ ಕೆನ್ನೆ ಹಿಡಿದು ಮತ್ತೆ ತನ್ನ ಕಡೆಗೆ ತಿರುಗಿಸಿಕೊಂಡಳು.

'ಅಳಬ್ಯಾಡ ಕಣ್ಲಾ, ಅಲುಗಾಡ್ತೈತೆ. ಇನ್ನೊಂದ್ ವಸಿ ಹೊತ್ತು ಅಂಗೇ ಇರು. ಇನ್ನಾ ಪೂರ್ತಿ ನೋಡಿಲ್ಲ.'

ಬಿಚ್ಚಿದ ಟಾರ್ಪಾಲು ಪಕ್ಕದಲ್ಲಿ ಬಿದ್ದಿತ್ತು. ಮರ ನಮ್ಮಿಬ್ಬರ ಮೇಲೆ ಹೂ ಉದುರಿಸುತ್ತಲೇ ಇತ್ತು, ಯಾರೂ ಕೊಡವಲಿಲ್ಲ. ಅಕ್ಕ ನೋಡಿ ಮುಗಿಸುವವರೆಗೆ ನಾನು ಅಲುಗಾಡದೆ ಕುಳಿತಿದ್ದೆ.